ವಿದೇಶಿ ವಿದ್ಯಾರ್ಥಿಗಳ ಸೇವೆ ಮನೆಯೊಳಗೇ ನಡೆಯುವಾಗ ಸಂಸಾರ ಹೇಗೆ ನಿಭಾಯಿಸಿದಿರಿ?

ಕೇಳಿದವರು

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಮ್ಮ ಮನೆ ವಿಶ್ವವಿದ್ಯಾಲಯಕ್ಕೆ ಹತ್ತಿರ. ಬೇರೆ ಬೇರೆ ದೇಶಗಳಿಂದ ಓದಲು ಬಂದ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ನಮ್ಮ ಸಭೆಗೆ ಬರುತ್ತಿದ್ದಾರೆ. ಈ ಸೇವೆಯನ್ನು ಪೂರ್ಣ ಸಮಯ ನೀವಿಬ್ಬರೇ ನೋಡಿಕೊಳ್ಳಿ ಅಂತ ಸಭೆಯ ಹಿರಿಯರು ಕೇಳಿದ್ದಾರೆ. ಯಜಮಾನರಿಗೆ ಮನಸ್ಸಿದೆ. ನನಗೂ ಇಲ್ಲ ಅಂತಲ್ಲ. ಆದರೆ ಈ ಸೇವೆ ಮುಕ್ಕಾಲು ಪಾಲು ನಡೆಯುವುದು ಮನೆಯಲ್ಲೇ ಅಂತೆ. ಮಗಳು ಐದನೇ ಕ್ಲಾಸು, ಮಗ ಇನ್ನೂ ಶಾಲೆ ಸೇರಿಲ್ಲ. ಮನೆ ಮನೆಯಾಗಿ ಉಳಿಯುತ್ತಾ? ಉಪದೇಶ ಬೇಡ, ಬಾಳಿ ನೋಡಿದವರು ನಡೆದದ್ದನ್ನು ಹೇಳಿ.

ಇದೇ ಸೇವೆಯಲ್ಲಿರುವ ಒಬ್ಬ ತಾಯಿ

ಸಿಸ್ಟರ್, ನಿಮ್ಮ ಭಯ ಸರಿಯಾದದ್ದೇ. ಉಳಿಯುತ್ತೆ, ಆದರೆ ತಾನಾಗಿ ಉಳಿಯಲ್ಲ. ಉಳಿಸಿಕೊಳ್ಳಬೇಕು.

ಮೊದಲು ಗಡಿಯಾರದ ವಿಷಯ. ನಮ್ಮ ಮನೆಗೆ ಶುಕ್ರವಾರ ಸಂಜೆ ವಿದ್ಯಾರ್ಥಿಗಳು ಬರುತ್ತಾರೆ. ಊಟ, ಮಾತು, ಆಮೇಲೆ ಇಷ್ಟ ಇದ್ದವರಿಗೆ ಬೈಬಲ್ ಅಧ್ಯಯನ. ಕರೆಯುವಾಗಲೇ ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯುತ್ತೆ ಎರಡನ್ನೂ ಬರೆದು ಕಳಿಸುತ್ತೇವೆ. ಇದು ಒರಟುತನ ಅಂತ ನಿಮಗೆ ಅನ್ನಿಸಬಹುದು. ಅಲ್ಲ. ಕೆಲವು ಕಡೆ ಅತಿಥಿ ತಾನಾಗಿ ಎದ್ದು ಹೋಗುವುದೇ ಮರ್ಯಾದೆ ಅಲ್ಲ, ಮನೆಯವರು ಸೂಚನೆ ಕೊಡಬೇಕು. ಪಾಪ, ಅವರು ನಮ್ಮ ಸೂಚನೆಗೆ ಕಾಯುತ್ತಾ ಕೂತಿರುತ್ತಾರೆ, ನಾವು ಇವರು ಯಾವಾಗ ಏಳುತ್ತಾರೋ ಅಂತ ಆಕಳಿಸುತ್ತಾ ಕೂತಿರುತ್ತೇವೆ! ಈಗ ಹೊತ್ತಾದ ಕೂಡಲೇ ನಮ್ಮ ಯಜಮಾನರು ಎದ್ದು ಒಂದು ಚಿಕ್ಕ ಪ್ರಾರ್ಥನೆ ಮಾಡುತ್ತಾರೆ. ಎಲ್ಲರಿಗೂ ಅರ್ಥವಾಗುತ್ತೆ. ಚಪ್ಪಲಿ ಹುಡುಕುವ ಗದ್ದಲ ಶುರುವಾಗುತ್ತೆ.

ವಾರದಲ್ಲಿ ಒಂದು ಸಂಜೆ ನಮ್ಮ ಮಕ್ಕಳದು. ಆ ಸಂಜೆ ಯಾರೂ ಬರುವಂತಿಲ್ಲ, ಫೋನೂ ತೆಗೆಯಲ್ಲ. ತುರ್ತು ಇದ್ದರೆ ಸಭೆಯ ಇನ್ನೊಂದು ಮನೆಯವರ ನಂಬರ್ ವಿದ್ಯಾರ್ಥಿಗಳ ಹತ್ತಿರ ಇದೆ. ಮಾರ್ಕನ ಸುವಾರ್ತೆ 6:31 ನೋಡಿ. ಬರುವವರು ಹೋಗುವವರು ಜಾಸ್ತಿಯಾಗಿ ಶಿಷ್ಯರಿಗೆ ಊಟಕ್ಕೂ ಬಿಡುವಿರಲಿಲ್ಲ. ಆಗ ಯೇಸುವೇ ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಅವರನ್ನು ಕರೆದುಕೊಂಡು ಹೋದದ್ದು. ಈ ವಚನ ನಮ್ಮ ಫ್ರಿಜ್ ಮೇಲೆ ಅಂಟಿಸಿದೆ.

ಇನ್ನೊಂದು, ಇದರಲ್ಲಿ ರಾಜಿ ಬೇಡ. ಎಷ್ಟೇ ಒಳ್ಳೆಯ ಹುಡುಗ ಹುಡುಗಿ ಆಗಿರಲಿ, ಮಕ್ಕಳನ್ನು ಒಬ್ಬರ ಜೊತೆ ಒಂಟಿಯಾಗಿ ಬಿಡಬೇಡಿ. ಮಲಗುವ ಕೋಣೆ ಕಡೆ ಅತಿಥಿಗಳು ಹೋಗದ ಹಾಗೆ ಮೊದಲ ದಿನದಿಂದಲೇ ಅಭ್ಯಾಸ ಮಾಡಿಸಿ. ಎಲ್ಲರಿಗೂ ಒಂದೇ ನಿಯಮ ಅಂದರೆ ಯಾರಿಗೂ ಬೇಜಾರಾಗಲ್ಲ. ಹಾಗೆಯೇ ಹುಡುಗಿಯರ ಕಷ್ಟಸುಖ ನಾನು ಕೇಳುತ್ತೇನೆ, ಹುಡುಗರದ್ದು ಯಜಮಾನರು.

ಒಂದು ಕಾಲದ ವಿದೇಶಿ ವಿದ್ಯಾರ್ಥಿ

ನಾನು ಆ ಕಡೆಯಿಂದ ಹೇಳುತ್ತೇನೆ. ಪಿಎಚ್‌ಡಿಗೆ ಬೇರೆ ದೇಶಕ್ಕೆ ಹೋದಾಗ ನಾನು ಕ್ರೈಸ್ತನಾಗಿರಲಿಲ್ಲ. ಒಂದು ಕುಟುಂಬದವರು ಊಟಕ್ಕೆ ಕರೆದರು. ಹೋದೆ, ಯಾಕೆಂದರೆ ಹಸಿವಾಗಿತ್ತು.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಬೈಬಲ್ ಪಾಠ ಅಲ್ಲ. ಒಂದು ದಿನ ಗಂಡ ಹೆಂಡತಿ ನನ್ನ ಮುಂದೆಯೇ ಕಾರಿನ ಕೀ ಎಲ್ಲಿಟ್ಟೆ ಅಂತ ಜಗಳ ಆಡಿದರು. ಆತನ ದನಿ ಏರಿತು. ಕೀ ಆತನ ಕೋಟಿನ ಜೇಬಲ್ಲೇ ಸಿಕ್ಕಿತು. ಆತ ಹೆಂಡತಿಯ ಹತ್ತಿರ ಹೋಗಿ, ತಪ್ಪು ನನ್ನದು, ಹಾಗೆ ಮಾತಾಡಬಾರದಿತ್ತು, ಕ್ಷಮಿಸು ಅಂದ. ಮಕ್ಕಳೂ ಅಲ್ಲೇ ಇದ್ದರು, ನಾನೂ ಇದ್ದೆ. ಗಂಡಸು ಹೆಂಡತಿಗೆ ಹಾಗೆ ಹೇಳಿದ್ದನ್ನು ನಾನು ನಮ್ಮ ಮನೆಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಈ ಮನುಷ್ಯ ಯಾರನ್ನು ನಂಬುತ್ತಾನೆ ಅಂತ ತಿಳಿಯುವ ಆಸೆ ಆ ಹೊತ್ತಿಗೆ ಹುಟ್ಟಿತು.

ಅದಕ್ಕೇ ಹೇಳುವುದು, ಮನೆ ಚೊಕ್ಕಟವಾಗಿರಬೇಕು, ಮಕ್ಕಳು ಗಲಾಟೆ ಮಾಡಬಾರದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಬಂದವರನ್ನು ಸೋಫಾ ಮೇಲೆ ಕೂರಿಸಿ ಉಪಚಾರ ಮಾಡುವುದಕ್ಕಿಂತ ಕೈಗೆ ಒಂದು ಚಾಕು ಕೊಟ್ಟು ತರಕಾರಿ ಹೆಚ್ಚಲು ಹೇಳಿ. ಹಾಸ್ಟೆಲ್ಲಿನಲ್ಲಿ ತಿಂಗಳುಗಟ್ಟಲೆ ಯಾರೂ ಅವರಿಗೆ ಏನೂ ಕೆಲಸ ಹೇಳಿರಲ್ಲ. ನಿಮಗೂ ಭಾರ ಕಮ್ಮಿ.

ಒಂದು ಎಚ್ಚರಿಕೆ. ಸುಮ್ನೆ ಊಟ ಅಂತ ಕರೆದು ಅಲ್ಲಿ ಹೋದ ಮೇಲೆ ಬೈಬಲ್ ತೆಗೆದರೆ ವಿದ್ಯಾರ್ಥಿಗೆ ಮೋಸ ಹೋದ ಹಾಗೆ ಆಗುತ್ತೆ. ಪ್ರಾರ್ಥನೆ ಇರುತ್ತೆ, ಬೈಬಲ್ ಓದುತ್ತೇವೆ ಅಂತ ಮುಂಚೆಯೇ ಹೇಳಿ. ನೀವು ಬ್ಯಾಂಕಿಗೆ, ಆಸ್ಪತ್ರೆಗೆ ಕರೆದುಕೊಂಡು ಹೋಗುವ ಸಹಾಯಕ್ಕೂ ಅವರು ಅಧ್ಯಯನಕ್ಕೆ ಬರುವುದಕ್ಕೂ ಸಂಬಂಧ ಇರಬಾರದು. ಬೇಡ ಅಂದವನಿಗೂ ಮುಂದಿನ ವಾರ ಅದೇ ನಗುಮುಖ. ನಮ್ಮನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಲು ಕರೆದಿದ್ದಾರಾ, ಗೆಳೆತನಕ್ಕೆ ಕರೆದಿದ್ದಾರಾ ಅನ್ನೋದು ನಮಗೆ ಬೇಗ ಗೊತ್ತಾಗುತ್ತಿತ್ತು.

ದಾನಿಯೇಲನ ಪುಸ್ತಕದ ಮೊದಲ ಅಧ್ಯಾಯವನ್ನು ಈ ಕಣ್ಣಿನಿಂದ ಒಮ್ಮೆ ಓದಿ. ಪರದೇಶ, ಮೂರು ವರ್ಷದ ಓದು, ಬದಲಾದ ಹೆಸರು, ತಿನ್ನಲಾಗದ ಊಟ. ಎಲ್ಲಾ ಅಲ್ಲಿದೆ. ಮನೆಗೆ ಬರುವ ವಿದ್ಯಾರ್ಥಿಗಳ ಹೆಸರನ್ನು ಸರಿಯಾಗಿ ಉಚ್ಚರಿಸಲು ನಿಮ್ಮ ಮಕ್ಕಳಿಗೆ ಕಲಿಸಿ. ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ.

ಸಭೆಯ ಲೆಕ್ಕ ನೋಡುವವರು

ನನ್ನದು ಹಣದ ಮಾತು, ಚಿಕ್ಕದು. ಪೂರ್ಣ ಸಮಯ ಅಂದರೆ ಯಾರು ಎಷ್ಟು ಕೊಡುತ್ತಾರೆ, ಎಲ್ಲಿಯವರೆಗೆ ಕೊಡುತ್ತಾರೆ ಅಂತ ಹಿರಿಯರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಶುಕ್ರವಾರದ ಊಟದ ಖರ್ಚು ಸೇವೆಯ ಖರ್ಚು, ನಿಮ್ಮ ಮನೆಯ ರೇಷನ್ ಖರ್ಚಲ್ಲ. ವಿದ್ಯಾರ್ಥಿಗಳಿಗೆ ಕೈಸಾಲ ಕೊಡಬೇಡಿ, ಕೊಡುವ ಮನಸ್ಸಾದರೆ ಕೊಟ್ಟು ಮರೆತುಬಿಡಿ. ಬಾಡಿಗೆಗೆ, ಸಾಲಕ್ಕೆ ಜಾಮೀನು ಸಹಿ ಹಾಕಬೇಡಿ. ವೀಸಾ ವಿಷಯದಲ್ಲಿ ಗೊತ್ತಿದ್ದರೂ ಸಲಹೆ ಬೇಡ. ಎಷ್ಟು ಗಂಟೆ ಕೆಲಸ ಮಾಡಬಹುದು, ಯಾವ ಕೋರ್ಸ್ ಬಿಟ್ಟರೆ ಏನಾಗುತ್ತೆ ಅನ್ನೋದೆಲ್ಲ ದೇಶದಿಂದ ದೇಶಕ್ಕೆ ಬೇರೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತೆ. ನಿಮ್ಮ ಒಂದು ಮಾತು ಕೇಳಿ ಆ ಹುಡುಗ ವೀಸಾ ಕಳೆದುಕೊಳ್ಳಬಾರದು. ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಜೊತೆಗೆ ಹೋಗಿ, ಅಷ್ಟು ಸಾಕು.

ಇಂಥ ಮನೆಯಲ್ಲಿ ಬೆಳೆದವಳು

ಅಕ್ಕ, ನಾನು ನಿಮ್ಮ ಮಗಳ ಜಾಗದಲ್ಲಿದ್ದವಳು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಒಳ್ಳೆಯದು ಮೊದಲು. ಬೀಜಗಣಿತ ನನಗೆ ಹೇಳಿಕೊಟ್ಟದ್ದು ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಅಣ್ಣ. ಊಟದ ಮೇಜಲ್ಲೇ, ಅಪ್ಪ ಅಮ್ಮನ ಎದುರಿಗೇ. ಟಿವಿಯಲ್ಲಿ ಯಾವುದೋ ದೇಶದಲ್ಲಿ ಭೂಕಂಪ ಅಂದರೆ ನಮಗೆ ಅದು ಬರೀ ಸುದ್ದಿ ಆಗಿರಲಿಲ್ಲ. ಅಲ್ಲಿ ನಮ್ಮ ಮನೆಗೆ ಬರುತ್ತಿದ್ದ ಒಬ್ಬ ಅಕ್ಕನ ತಾಯಿ ಇದ್ದರು. ನಾವು ಅವರ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಿದ್ದೆವು. ಈಗಲೂ ಯಾವ ದೇಶದವರ ಜೊತೆ ಕೂತರೂ ನನಗೆ ಸಂಕೋಚ ಆಗಲ್ಲ.

ಕಷ್ಟದ್ದು ಈಗ. ಪರೀಕ್ಷೆಯ ದಿನ ನನ್ನ ಕೋಣೆ ಬಿಟ್ಟುಕೊಡಲು ಹೇಳುತ್ತಿದ್ದರು. ಹೊಸಬರು ಬಂದಾಗಲೆಲ್ಲ "ಒಂದು ಹಾಡು ಹೇಳು ಪುಟ್ಟಿ" ಅಂತ ನಿಲ್ಲಿಸುತ್ತಿದ್ದರು. ನನ್ನ ಹಲ್ಲು ಬಿದ್ದದ್ದು, ಗಣಿತದಲ್ಲಿ ಫೇಲಾದದ್ದು, ತಮ್ಮ ಹಾಸಿಗೆ ಒದ್ದೆ ಮಾಡಿದ್ದು ಎಲ್ಲಾ, ಸೇವೆಗಾಗಿ ಪ್ರಾರ್ಥಿಸುವವರಿಗೆ ಕಳಿಸುವ ಪ್ರಾರ್ಥನಾ ಪತ್ರದಲ್ಲಿ ಬರುತ್ತಿತ್ತು. ಗೊತ್ತಿಲ್ಲದ ಆಂಟಿಗಳು ಸಭೆಯಲ್ಲಿ ಕೆನ್ನೆ ಹಿಂಡಿ "ಈಗ ಗಣಿತ ಹೇಗಿದೆ?" ಅನ್ನುತ್ತಿದ್ದರು. ದಯವಿಟ್ಟು ಮಗಳನ್ನು ಕೇಳದೆ ಅವಳ ವಿಷಯ ಬರೆಯಬೇಡಿ.

ಎಲ್ಲಕ್ಕಿಂತ ಭಾರ ಆಗಿದ್ದು ಬೀಳ್ಕೊಡುಗೆ. ಈ ಸೇವೆಯಲ್ಲಿ ಎಲ್ಲರೂ ಹೋಗುವವರೇ. ದೊಡ್ಡವರಿಗೆ ಅದು ಕೋರ್ಸ್ ಮುಗಿಯಿತು ಅಷ್ಟೇ. ಮಗುವಿಗೆ ಹಾಗಲ್ಲ, ಅಣ್ಣ ಬಿಟ್ಟು ಹೋದ. ನನ್ನ ತಮ್ಮ ಒಂದು ವಯಸ್ಸಿನಲ್ಲಿ ಹೊಸಬರು ಬಂದರೆ ಮೊದಲು ಕೇಳುತ್ತಿದ್ದದ್ದು ಹೆಸರಲ್ಲ, "ನಿಮ್ಮ ಕೋರ್ಸ್ ಎಷ್ಟು ವರ್ಷ?" ಒಂದು ವರ್ಷ ಅಂದವರ ಹತ್ತಿರ ಆಟ ಆಡುತ್ತಲೇ ಇರಲಿಲ್ಲ. ಅಮ್ಮ ಇದನ್ನು ಗಮನಿಸಿದ ಮೇಲೆ ಒಂದು ಬದಲಾವಣೆ ಮಾಡಿದರು. ಯಾರೇ ಹೊರಟರೂ ನಮ್ಮನ್ನು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಳು ಬಂದರೆ ಅಳಲು ಬಿಡುತ್ತಿದ್ದರು. "ಮುಂದಿನ ತಿಂಗಳು ಇನ್ನೊಬ್ಬರು ಬರುತ್ತಾರೆ ಬಿಡು" ಅನ್ನುವುದನ್ನು ನಿಲ್ಲಿಸಿದರು. ತಮ್ಮ ಮತ್ತೆ ಆಟಕ್ಕೆ ಸೇರಿದ, ಆದರೆ ಸಮಯ ಹಿಡಿಯಿತು.

ನಿಮ್ಮ ಮಗಳಿಗೆ ಬಾಗಿಲು ಹಾಕಿಕೊಳ್ಳಲು ಒಂದು ಮೂಲೆ ಕೊಡಿ. ಶುಕ್ರವಾರ ಅವಳಿಗೆ ಬೇಡ ಅನ್ನಿಸಿದರೆ ಕೆಳಗೆ ಬರದೇ ಇರುವ ಹಕ್ಕೂ ಇರಲಿ. ನನಗೆ ಆ ಹಕ್ಕು ಸಿಕ್ಕ ಮೇಲೆಯೇ ನಾನು ಇಷ್ಟಪಟ್ಟು ಬರಲು ಶುರು ಮಾಡಿದ್ದು.

ನಿವೃತ್ತ ಪಾಸ್ಟರ್

ಮೇಲಿನ ತಂಗಿಯ ಮಾತು ಪಾಸ್ಟರುಗಳೆಲ್ಲ ಓದಬೇಕು.

ಒಂದು ಹಳೆಯ ಸಂಗತಿ ಹೇಳುತ್ತೇನೆ. 1909ರಲ್ಲಿ ನ್ಯೂಯಾರ್ಕಿನಲ್ಲಿ ವೈಎಂಸಿಎ ಕೆಲಸದಲ್ಲಿದ್ದ ಹ್ಯಾರಿ ಎಡ್ಮಂಡ್ಸ್ ಅನ್ನುವವರು ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಒಬ್ಬ ಚೀನೀ ವಿದ್ಯಾರ್ಥಿಗೆ ಸುಮ್ನೆ ನಮಸ್ಕಾರ ಹೇಳಿದರು. ತಾನು ಬಂದು ಮೂರು ವಾರ ಆಯಿತು, ತನ್ನನ್ನು ಮಾತಾಡಿಸಿದವರು ನೀವೇ ಮೊದಲು ಅಂದನಂತೆ ಆ ಹುಡುಗ. ಎಡ್ಮಂಡ್ಸ್ ಮನೆಗೆ ಹೋಗಿ ಹೆಂಡತಿಗೆ ಹೇಳಿದರು. ಇಬ್ಬರೂ ಸೇರಿ ಭಾನುವಾರದ ಸಂಜೆ ಊಟಕ್ಕೆ ವಿದೇಶಿ ವಿದ್ಯಾರ್ಥಿಗಳನ್ನು ಮನೆಗೆ ಕರೆಯತೊಡಗಿದರು. ಜನ ಹೆಚ್ಚಾಗುತ್ತಾ ಹೋದರು. ಕೊನೆಗೆ ಕಿರಿಯ ಜಾನ್ ರಾಕ್‌ಫೆಲ್ಲರ್ ಹಣ ಕೊಟ್ಟು 1924ರಲ್ಲಿ ಇಂಟರ್‌ನ್ಯಾಷನಲ್ ಹೌಸ್ ಅನ್ನುವ ವಿದ್ಯಾರ್ಥಿ ನಿಲಯ ತೆರೆಯಿತು. ನನಗೆ ಇದರಲ್ಲಿ ಹಿಡಿಸುವುದು ಕಟ್ಟಡ ಅಲ್ಲ. ಮನೆ ಸಾಲದು ಅಂತಾದಾಗ ಬೇರೆ ಜಾಗ, ಬೇರೆ ಕೈಗಳು ಸೇರಿದವು. ಎಲ್ಲವನ್ನೂ ಆ ಹೆಂಗಸಿನ ಅಡುಗೆ ಮನೆಯ ಮೇಲೇ ಹೊರಿಸಲಿಲ್ಲ.

ಯುನೆಸ್ಕೊ ಲೆಕ್ಕದಲ್ಲಿ 2000ರ ಹೊತ್ತಿಗೆ ಹೊರದೇಶದಲ್ಲಿ ಓದುವವರು ಸುಮಾರು 20 ಲಕ್ಷ ಇದ್ದರು. ಈಗ 60 ಲಕ್ಷ ದಾಟಿದೆ. ಒಂದು ಕುಟುಂಬ ಎಷ್ಟು ಅಂತ ಮಾಡುತ್ತೆ? ನಿಮ್ಮ ಹಿರಿಯರನ್ನು ಕೇಳಿ, ನಮ್ಮ ಮನೆ ಬಿಟ್ಟು ಇನ್ನು ಯಾವ ಯಾವ ಮನೆ ಬಾಗಿಲು ತೆರೆಯುತ್ತೆ ಅಂತ. ಉತ್ತರ ಬರದಿದ್ದರೆ ಪೂರ್ಣ ಸಮಯಕ್ಕೆ ಈಗಲೇ ಒಪ್ಪಬೇಡಿ. ಗೊಣಗದೆ ಅತಿಥಿಸತ್ಕಾರ ಮಾಡಿ ಅಂತ ಪೇತ್ರನು ಬರೆದದ್ದು ಇಡೀ ಸಭೆಗೆ (1 ಪೇತ್ರ 4:9). ಒಬ್ಬ ತಾಯಿಗೆ ಬರೆದ ಪತ್ರ ಅಲ್ಲ ಅದು.

ತಾಯ್ನಾಡಿಗೆ ಹಿಂದಿರುಗಿದ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡುವವರು

ಇಲ್ಲಿ ಇನ್ನೂ ಯಾರೂ ಹೇಳದ ವಿಷಯ, ಫೋಟೊ. ನಿಮ್ಮ ಮನೆಗೆ ಬರುವ ಕೆಲವರ ದೇಶದಲ್ಲಿ ಯೇಸುವನ್ನು ನಂಬಿದರೆ ಮನೆಯಿಂದ ಹೊರಗೆ, ಕೆಲವು ಕಡೆ ಜೈಲು. ಶುಕ್ರವಾರದ ಗುಂಪು ಫೋಟೊ, ದೀಕ್ಷಾಸ್ನಾನದ ವಿಡಿಯೊ, ಪ್ರಾರ್ಥನಾ ಪತ್ರದಲ್ಲಿ ಹೆಸರು, ಇವು ಯಾವುದೂ ಬೇಡ. ಹುಡುಗ ಒಪ್ಪಿದರೂ ಬೇಡ. ಇಪ್ಪತ್ತರ ವಯಸ್ಸಿನ ಹುಮ್ಮಸ್ಸಿನಲ್ಲಿ ಒಪ್ಪುತ್ತಾನೆ, ಊರಲ್ಲಿ ಅವನ ಚಿಕ್ಕಪ್ಪ ಫೋನ್ ನೋಡುತ್ತಾನೆ. ಮಕ್ಕಳಿಗೂ ಇದನ್ನು ತಿಳಿಸಿ ಹೇಳಿ, ಈಗ ಅವರ ಕೈಯಲ್ಲೂ ಫೋನ್ ಇರುತ್ತೆ ಅಲ್ವಾ.

ನಂಬಿದವರು ತಾಯ್ನಾಡಿಗೆ ಹೋದ ಮೇಲೆ ಎಷ್ಟೋ ಮಂದಿ ಯಾವ ಸಭೆಗೂ ಸೇರದೆ ಕಳೆದುಹೋಗುತ್ತಾರೆ. ಇಲ್ಲಿ ನಿಮ್ಮ ಮನೆಯ ಬಿಸಿ ಊಟ, ಹಾಡು, ಪ್ರೀತಿ. ಅಲ್ಲಿ ಅಪ್ಪನ ಮೌನ. ಹೊರಡುವ ವಾರದಲ್ಲಿ ಈ ಮಾತು ಶುರು ಮಾಡಿದರೆ ತಡ. ಕೊನೆಯ ವರ್ಷ ಪೂರ್ತಿ ಇದನ್ನೇ ಮಾತಾಡಿ. ಪೂರ್ವಜರ ಪೂಜೆಗೆ ಕರೆದರೆ ಏನು ಮಾಡುತ್ತೀಯ, ಮದುವೆ ಮಾತು ಬಂದರೆ ಏನನ್ನುತ್ತೀಯ ಅಂತ. 1947ರಲ್ಲಿ ಶುರುವಾದ ಐಎಫ್‌ಇಎಸ್ ಅನ್ನುವ ಕ್ರೈಸ್ತ ವಿದ್ಯಾರ್ಥಿ ಸಂಘಗಳ ಒಕ್ಕೂಟ ಈಗ 150ಕ್ಕೂ ಹೆಚ್ಚು ದೇಶಗಳಲ್ಲಿದೆ. ಅದರ ಮೂಲಕ ಅವರ ದೇಶದಲ್ಲಿ ಒಬ್ಬರ ಪರಿಚಯ ಮಾಡಿಸಿಕೊಡಿ. ವಿಮಾನ ಹತ್ತುವ ಮೊದಲೇ ಆ ಇಬ್ಬರೂ ಫೋನಿನಲ್ಲಿ ಮಾತಾಡಿರಲಿ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಮಗಳಿಗೆ ಹಾಡಿನ ವಿಷಯ ಓದಿ ಹೇಳಿದೆ. "ನನಗೂ ಹೇಳಲು ಹೇಳಬೇಡ" ಅಂದಳು! ಯಜಮಾನರೂ ಎಲ್ಲಾ ಓದಿದರು. ಹಿರಿಯರ ಹತ್ತಿರ ಬೇರೆ ಮನೆಗಳ ವಿಷಯ ಎತ್ತುತ್ತೇವೆ. ಇನ್ನೊಂದೇ ಪ್ರಶ್ನೆ. ರಜೆಯಲ್ಲಿ ಹಾಸ್ಟೆಲ್ ಮುಚ್ಚುತ್ತಂತೆ. ಒಬ್ಬ ಹುಡುಗಿಯನ್ನು ರಜೆ ಪೂರ್ತಿ ನಮ್ಮ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಈಗಲೇ ಕೇಳುತ್ತಿದ್ದಾರೆ. ಏನು ಮಾಡಲಿ?

ಇದೇ ಸೇವೆಯಲ್ಲಿರುವ ಒಬ್ಬ ತಾಯಿ

ರಜೆಯೇ ಅವರಿಗೆ ತೀರಾ ಒಂಟಿತನದ ಕಾಲ, ಅದು ನಿಜ. ಎಲ್ಲರೂ ಮನೆಗೆ ಹೋಗಿರುತ್ತಾರೆ, ಕ್ಯಾಂಪಸ್ ಬಣಬಣ ಅನ್ನುತ್ತೆ. ಹಬ್ಬದ ಊಟಕ್ಕೆ ಖಂಡಿತ ಕರೆಯಿರಿ. ಉಳಿಸಿಕೊಳ್ಳುವುದು ಬೇರೆ ಮಾತು. ನಾವು ಮೊದಲ ವರ್ಷ ಯಾರನ್ನೂ ಉಳಿಸಿಕೊಳ್ಳಲಿಲ್ಲ. ಆಮೇಲೂ, ಪರಿಚಯವಾಗಿ ಕೆಲವು ತಿಂಗಳು ಆದವರನ್ನು ಮಾತ್ರ. ಬರುವ ದಿನ, ಹೋಗುವ ದಿನ ಮೊದಲೇ ಗೊತ್ತಾಗಿರಬೇಕು. ಅಡುಗೆಯಲ್ಲಿ ಏನು ತಿನ್ನಲ್ಲ, ಉಪವಾಸ ಯಾವಾಗ ಅಂತಲೂ ಕೇಳಿಟ್ಟುಕೊಳ್ಳಿ. ರಂಜಾನ್ ತಿಂಗಳು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆಯೇ ಬರುತ್ತೆ, ಹೋದ ವರ್ಷದ ಕ್ಯಾಲೆಂಡರ್ ನಂಬಬೇಡಿ. ಮಗಳನ್ನು ಕೇಳದೆ ಹೂಂ ಅನ್ನಬೇಡಿ. ಮನೆಯಲ್ಲಿ ಸ್ನಾನದ ಕೋಣೆ ಒಂದೇ ಇದ್ದರೆ, ಸಿಸ್ಟರ್, ನಾನಾಗಿದ್ದರೆ ಈ ಸಲ ಇನ್ನೊಂದು ಮನೆ ಹುಡುಕಿ ಅಂತ ಹಿರಿಯರಿಗೇ ಹೇಳಿಬಿಡುತ್ತಿದ್ದೆ.