ಅಜ್ಜನ ಮನೆ ಗಡಿಯಾರಗಳು: ಯಾವ ಪುಸ್ತಕ ಮೊದಲು?

ಕೇಳಿದವರು, ಬದಿಯಡ್ಕ:
ತರವಾಡು ಮನೆ ಪಾಲಾದಾಗ ಮೂರು ಗೋಡೆ ಗಡಿಯಾರ ನನಗೆ ಬಂದವು. ಮರುಳು ಹಿಡಿದು ಇನ್ನೆರಡು ಕೊಂಡೆ. ಯಾವ ಕಂಪನಿ, ಎಷ್ಟು ಹಳೆಯದು ಅಂತ ತಿಳಿಯಲು ಒಳ್ಳೆಯ ಪುಸ್ತಕ ಬೇಕು. ಎಲ್ಲವನ್ನೂ ಕೊಳ್ಳುವಷ್ಟು ದುಡ್ಡಿಲ್ಲ. ಮೊದಲು ಯಾವುದು ತಗೊಳ್ಳಲಿ?

ನೀರ್ಚಾಲಿನಿಂದ:
ನಾನು ತಿಂದ ಪೆಟ್ಟು ಹೇಳುತ್ತೇನೆ, ನೀವು ತಿನ್ನಬೇಡಿ. ನಾನೂ ಹೀಗೇ ಕೇಳಿದ್ದಕ್ಕೆ ಒಬ್ಬರು "ಬೈಲಿ ತಗೊಳ್ಳಿ, ಎಲ್ಲಾ ಹೆಸರೂ ಅದರಲ್ಲಿದೆ" ಅಂದರು. ಜಿ. ಎಚ್. ಬೈಲಿ ಬರೆದ 'ವಾಚ್‌ಮೇಕರ್ಸ್ ಅಂಡ್ ಕ್ಲಾಕ್‌ಮೇಕರ್ಸ್ ಆಫ್ ದ ವರ್ಲ್ಡ್', ಮೊದಲು ಬಂದದ್ದು 1929ರಲ್ಲಿ. ದುಬಾರಿ ಕೊಟ್ಟು ತರಿಸಿದೆ. ಒಂದು ರಾತ್ರಿ ಪೂರ್ತಿ ಕೂತು ನಮ್ಮ ಗಡಿಯಾರದ ಹೆಸರು ಹುಡುಕಿದೆ. ಇಲ್ಲ!

ಸಿಗುವುದಾದರೂ ಹೇಗೆ? ಡಯಲ್ ಮೇಲೆ ಇದ್ದದ್ದು ಮಾರಿದ ಅಂಗಡಿಯ ಹೆಸರು, ಮಾಡಿದವರದ್ದಲ್ಲ. ಅಲ್ಲದೆ ಬೈಲಿಯ ಪಟ್ಟಿ 1825ಕ್ಕೆ ನಿಲ್ಲುತ್ತದೆ. ಬ್ರಯಾನ್ ಲೂಮ್ಸ್ 1976ರಲ್ಲಿ ಎರಡನೇ ಸಂಪುಟ ಮಾಡಿ ಅದನ್ನು ಮುಂದುವರಿಸಿದರು. ಆದರೂ ಅದು ಹೆಚ್ಚಾಗಿ ಕೈಯಲ್ಲಿ ಗಡಿಯಾರ ಮಾಡುತ್ತಿದ್ದ ಕಾಲದ ಲೆಕ್ಕ. ನಮ್ಮ ಕಡೆಯ ಹಳೆ ಮನೆಗಳಲ್ಲಿ ನಾನು ನೋಡಿದ್ದೆಲ್ಲ ಬಹುಪಾಲು ಆಮೇಲಿನ ಕಾರ್ಖಾನೆ ಮಾಲು. ಜರ್ಮನಿಯದ್ದು, ಅಮೆರಿಕದ್ದು, ಕೆಲವು ಜಪಾನಿನದ್ದು. ಬ್ರಿಟನ್ ಅನ್ನುವವರ 'ಓಲ್ಡ್ ಕ್ಲಾಕ್ಸ್ ಅಂಡ್ ವಾಚಸ್ ಅಂಡ್ ದೇರ್ ಮೇಕರ್ಸ್' ಕೂಡ ಹಾಗೆಯೇ. ಓದಲು ಚೆಂದ, ನಮ್ಮ ಗೋಡೆಗೆ ಉಪಯೋಗ ಕಮ್ಮಿ. ಅದರ ಹಳೆ ಆವೃತ್ತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸುಮ್ನೆ ಸಿಗುತ್ತದೆ, ದುಡ್ಡು ಹಾಕಬೇಡಿ.

ಅದಕ್ಕೇ, ಪುಸ್ತಕಕ್ಕಿಂತ ಮೊದಲು ಗಡಿಯಾರ ಬಿಚ್ಚಿ ನೋಡಿ. ಪೆಂಡುಲಂ ಕಳಚಿ, ಟಾರ್ಚ್ ಹಿಡಿದು ಹಿಂದಿನ ಹಿತ್ತಾಳೆ ತಗಡು ನೋಡಿ. ನಮ್ಮ ಮನೆಯದ್ದರಲ್ಲಿ ಎಣ್ಣೆ ಕಪ್ಪುಗಟ್ಟಿತ್ತು. ಬಟ್ಟೆಯಲ್ಲಿ ಒರೆಸಿದ ಮೇಲೆ ಅಡ್ಡಡ್ಡ ಇಟ್ಟ ಎರಡು ಬಾಣ ಕಂಡವು. ಅದು ಹ್ಯಾಂಬರ್ಗ್ ಅಮೆರಿಕನ್ ಕಂಪನಿಯ ಗುರುತು. ಹೆಸರು ಹಾಗಿದ್ದರೂ ಕಾರ್ಖಾನೆ ಇದ್ದದ್ದು ಜರ್ಮನಿಯ ಶ್ರಾಂಬರ್ಗ್‌ನಲ್ಲಿ, ಯುಂಗ್‌ಹಾನ್ಸ್ ಗಡಿಯಾರ ಕಂಪನಿ ಇದ್ದ ಊರಿನಲ್ಲೇ. ನಕ್ಷತ್ರದೊಳಗೆ ಜೆ ಅಕ್ಷರ ಇದ್ದರೆ ಯುಂಗ್‌ಹಾನ್ಸ್. ನಮ್ಮ ರಿಪೇರಿಯವರು ಅದನ್ನು 'ಜಂಗಾನ್ಸ್' ಅನ್ನುತ್ತಾರೆ, ನನಗೂ ಅದೇ ಬಾಯಿಗೆ ಬರುತ್ತದೆ.

ಈ ಗುರುತುಗಳಿಗೇ ಇರುವ ಪುಸ್ತಕ ಕಾರ್ಲ್ ಕೊಖ್‌ಮನ್ ಅವರ ಟ್ರೇಡ್‌ಮಾರ್ಕ್ ಸೂಚಿ. ಯುರೋಪಿನ ಗಡಿಯಾರ ಕಂಪನಿಗಳ ಮುದ್ರೆಗಳನ್ನು ಒಟ್ಟು ಮಾಡಿದ್ದಾರೆ. ಕಥೆ ಇಲ್ಲ, ನೋಡಲು ಚೆಂದವೂ ಇಲ್ಲ. ಆದರೆ ನನ್ನ ಕಪಾಟಿನಲ್ಲಿ ಜಾಸ್ತಿ ಸವೆದದ್ದು ಅದೇ. ಒಂದೇ ತಗೊಳ್ಳುವುದಾದರೆ ಅದನ್ನು ತಗೊಳ್ಳಿ.

ಇನ್ನೊಂದು. ತಗಡಿನ ಮೇಲೆ 32/116 ಅಂತ ಏನಾದರೂ ಕಂಡರೆ ಅದನ್ನು ಇಸವಿ ಅಂದುಕೊಳ್ಳಬೇಡಿ. ಜರ್ಮನ್ ಯಂತ್ರಗಳಲ್ಲಿ ಮೊದಲನೆಯದು ಪೆಂಡುಲಂ ಉದ್ದ, ಸೆಂಟಿಮೀಟರಿನಲ್ಲಿ. ಎರಡನೆಯದು ನಿಮಿಷಕ್ಕೆ ಎಷ್ಟು ಬಡಿತ ಅಂತ. ನಾನು ಒಬ್ಬರಿಗೆ "ಇದು 116ನೇ ಮಾಡೆಲ್" ಅಂತ ಗತ್ತಿನಲ್ಲಿ ಹೇಳಿದ್ದೆ, ಈಗ ನಾಚಿಕೆಯಾಗುತ್ತದೆ.

ಕಾಞಂಗಾಡಿನಿಂದ:
ನೀರ್ಚಾಲಿನ ಅಣ್ಣ ಹೇಳಿದ್ದು ಸರಿ, ಆದರೆ ಅಮೆರಿಕದ್ದಾದರೆ ಕೊಖ್‌ಮನ್ ಸಾಲದು. ಟ್ರಾನ್ ಡೂಯ್ ಲಿ ಅನ್ನುವವರು ಆನ್ಸೋನಿಯಾ, ಸೇತ್ ಥಾಮಸ್ ಹೀಗೆ ಕಂಪನಿಗೊಂದು ದಪ್ಪ ಪುಸ್ತಕ ಮಾಡಿದ್ದಾರೆ. ಚಿತ್ರ ನೋಡಿ ಮಾಡೆಲ್ ಹೆಸರು ಹಿಡಿಯಬಹುದು. ಅದರಲ್ಲಿರುವ ಬೆಲೆ ನೋಡಬೇಡಿ. ಅದು ಆ ದೇಶದ, ಆ ಕಾಲದ ಬೆಲೆ. ಅದನ್ನು ತೋರಿಸಿ ಇಲ್ಲಿ ಮಾರಲು ಬರುವವರಿದ್ದಾರೆ, ಹುಷಾರು.

ಸೇತ್ ಥಾಮಸ್ ಸಿಕ್ಕಿದರೆ ಪೆಟ್ಟಿಗೆಯ ಅಡಿ ಅಥವಾ ಹಿಂಬದಿ ನೋಡಿ. ನನ್ನದರಲ್ಲಿ 8981 ಅಂತ ಶಾಯಿ ಮುದ್ರೆ ಇತ್ತು, ಪಕ್ಕದಲ್ಲಿ ಒಂದು ಅಕ್ಷರ. ಎರಡು ವರ್ಷ ಅದನ್ನು ನಂಬರ್ ಅಂತಲೇ ತಿಳಿದಿದ್ದೆ. ತಿರುಗಿಸಿ ಓದಿದರೆ 1898! ಅಕ್ಷರ ತಿಂಗಳಿಗೆ. ಒಳಗಿನ ಚೀಟಿಯಲ್ಲಿ ಊರು ಪ್ಲಿಮತ್ ಹಾಲೋ ಅಂತ ಇದ್ದರೆ ಇನ್ನೂ ಹಳೆಯದು. 1865ರಲ್ಲಿ ಆ ಊರಿನ ಹೆಸರೇ ಥಾಮಸ್ಟನ್ ಅಂತ ಆಯಿತು.

ಮಂಜೇಶ್ವರದಿಂದ:
ನಾನು ರಿಪೇರಿಯವನು. ಡೊನಾಲ್ಡ್ ಡಿ ಕಾರ್ಲ್ ಅವರ 'ಪ್ರಾಕ್ಟಿಕಲ್ ಕ್ಲಾಕ್ ರಿಪೇರಿಂಗ್' ಇರಲಿ. ಇಂಗ್ಲಿಷ್ ಕಷ್ಟವಾದರೂ ಚಿತ್ರ ನೋಡಿಯೇ ಅರ್ಧ ಕೆಲಸ ತಿಳಿಯುತ್ತದೆ. ಆದರೆ ಪುಸ್ತಕ ಬಂತು ಅಂತ ಸ್ಕ್ರೂಡ್ರೈವರ್ ಹಿಡಿಯಬೇಡಿ. ಕೀ ಕೊಟ್ಟ ಸ್ಪ್ರಿಂಗ್ ಸಡಿಲ ಮಾಡದೆ ತಗಡು ಬಿಚ್ಚಿದರೆ ಅದು ಹಾರುತ್ತದೆ. ನನ್ನ ಎಡಗೈ ಹೆಬ್ಬೆರಳಲ್ಲಿ ಆರು ಹೊಲಿಗೆಯ ಗುರುತು ಇನ್ನೂ ಇದೆ.

ಕುಂಬಳೆಯಿಂದ:
ಪುಸ್ತಕ ಯಾವುದಾದರೂ ತಗೊಳ್ಳಿ, ಮಳೆಗಾಲಕ್ಕೆ ಮೊದಲು ಇಡುವ ಜಾಗ ನೋಡಿ. ನನ್ನ ಚಿತ್ರದ ಪುಸ್ತಕದ ನುಣುಪು ಹಾಳೆಗಳು ಜುಲೈಯಲ್ಲಿ ಒಂದಕ್ಕೊಂದು ಅಂಟಿದವು. ಬಿಡಿಸಲು ಹೋದೆ, ಗುಸ್ತಾವ್ ಬೆಕರ್ ಅನ್ನುವ ಜರ್ಮನ್ ಗಡಿಯಾರ ಕಂಪನಿಯ ಪುಟದ ಚಿತ್ರವೆಲ್ಲ ಎದುರು ಪುಟಕ್ಕೆ ಹೋಯಿತು. ಈಗ ಗಾಳಿಯಾಡದ ಡಬ್ಬದಲ್ಲಿ ಇಡುತ್ತೇನೆ, ಹಪ್ಪಳದ ಪಕ್ಕದಲ್ಲೇ.

ಕೇಳಿದವರು, ಬದಿಯಡ್ಕ:
ಎಲ್ಲರಿಗೂ ಉಪಕಾರವಾಯಿತು. ಇವತ್ತೇ ಒಂದರ ಹಿಂಬದಿ ಒರೆಸಿದೆ. ಲಂಗರಿನ ಚಿತ್ರ, ಜಿ ಮತ್ತು ಬಿ ಅಕ್ಷರ, ಕೆಳಗೆ ಉದ್ದ ನಂಬರ್ ಇದೆ.

ನೀರ್ಚಾಲಿನಿಂದ:
ಅದು ಗುಸ್ತಾವ್ ಬೆಕರ್! ನಂಬರ್ ಎಷ್ಟು ಹೇಳಿ. ಹತ್ತು ಲಕ್ಷ ದಾಟಿದ್ದರೆ 1892ರಿಂದ ಈಚೆಯದ್ದು. ಪುಸ್ತಕ ಬರುವ ತನಕ ನನ್ನದನ್ನು ಕೊಂಡುಹೋಗಿ, ಮಳೆಗಾಲಕ್ಕೆ ಮೊದಲು ತಂದುಕೊಟ್ಟರೆ ಸಾಕು.