ಅರಿವಳಿಕೆ ತಜ್ಞರು ಫೆಂಟನಿಲ್ ಚಟಕ್ಕೆ ಬಿದ್ದರೆ: ಚಿಕಿತ್ಸೆ ಹೇಗೆ, ಮತ್ತೆ ಓಟಿಗೆ (ಶಸ್ತ್ರಚಿಕಿತ್ಸಾ ಕೋಣೆಗೆ) ಯಾವಾಗ?

ಓಟಿ_ಉಸ್ತುವಾರಿ
ಅರಿವಳಿಕೆ ತಜ್ಞರೊಬ್ಬರು ಫೆಂಟನಿಲ್ (ಓಟಿಯಲ್ಲಿ ಬಳಸುವ, ಅಫೀಮು ಬಗೆಯ ಪ್ರಬಲ ನೋವುನಿವಾರಕ) ಚುಚ್ಚಿಕೊಳ್ಳುತ್ತಿದ್ದಾರೆ ಎಂಬುದಕ್ಕೆ ರಿಜಿಸ್ಟರ್‌ನಲ್ಲೇ ಸಾಕ್ಷಿ ಸಿಕ್ಕಿದರೆ ಆಸ್ಪತ್ರೆಯವರು ಏನು ಮಾಡಬೇಕು? ಅವರೊಡನೆ ಮಾತಾಡುವುದು ಹೇಗೆ, ಎಲ್ಲಿಗೆ ಕಳಿಸಬೇಕು, ಕೇಸ್ ಆಗುತ್ತದೆಯೇ? ಒಂದು ತಿಂಗಳ ರಿಹ್ಯಾಬ್ ಮುಗಿಸಿ ಬಂದರೆ ಡ್ಯೂಟಿ ಕೊಡಬಹುದೇ? ಕೆಲಸದಿಂದ ತೆಗೆದು ಕೈತೊಳೆದುಕೊಳ್ಳಿ ಎಂಬ ಸಲಹೆ ಬೇಡ.

ಮನೋವೈದ್ಯ_ಧಾರವಾಡ
ಸರ್, ಆ ಮೊದಲ ಮಾತುಕತೆಯೇ ಎಲ್ಲಕ್ಕಿಂತ ಅಪಾಯದ ಗಳಿಗೆ. ಸಿಕ್ಕಿಬಿದ್ದ ವೈದ್ಯರು ಅಂದೇ ಜೀವಕ್ಕೆ ಅಪಾಯ ತಂದುಕೊಳ್ಳುವ ಭಯ ನಿಜವಾದದ್ದು. ಆದ್ದರಿಂದ ಚಿಕಿತ್ಸಾ ಕೇಂದ್ರದಲ್ಲಿ ಬೆಡ್ ಗೊತ್ತುಮಾಡಿದ ಮೇಲೆಯೇ ಮಾತಿಗೆ ಕೂರಿ. ಇಬ್ಬರು ಇರಲಿ, ಒಬ್ಬರು ಅವರು ನಂಬುವ ಹಿರಿಯರಾಗಿರಲಿ. ಶನಿವಾರ ಸಂಜೆ ಬೇಡವೇ ಬೇಡ. ಡ್ರಗ್ ರಿಜಿಸ್ಟರ್ ಮತ್ತು ಅನಸ್ತೇಸಿಯಾ ಚಾರ್ಟ್ ಮುಂದಿಡಿ. ತಪ್ಪೊಪ್ಪಿಗೆ ಕೇಳಬೇಡಿ, "ಇವತ್ತೇ ತಪಾಸಣೆಗೆ ಹೋಗೋಣ" ಅನ್ನಿ. ಅಲ್ಲಿಂದ ಅಡ್ಮಿಟ್ ಆಗುವವರೆಗೆ ಒಬ್ಬರನ್ನೇ ಬಿಡಬೇಡಿ, ಲಾಕರ್ ಕೋಣೆಗೂ ಜೊತೆಗೆ ಹೋಗಿ, ಗಾಡಿ ಓಡಿಸಲು ಬಿಡಬೇಡಿ. ಮನೆಯವರಿಗೆ ತಿಳಿಸುವುದು ಅವರ ಒಪ್ಪಿಗೆ ಪಡೆದು, ಆದರೆ ಅಂದೇ.

ಸ್ವಂತ ಆಸ್ಪತ್ರೆಯಲ್ಲಿ ಚಿಕಿತ್ಸೆ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಇವೆರಡರಲ್ಲಿ ಅವರ ಊರಿನಿಂದ ದೂರವಿರುವುದನ್ನು ಆರಿಸಿ. ಖಾಸಗಿ ಕೇಂದ್ರವಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ ನೋಡಿ.

ಚಟ ಬಿಡಿಸಲು ಕೊಡುವ ಬ್ಯುಪ್ರೆನಾರ್ಫಿನ್ ಶುರುಮಾಡಲು ಅವಸರ ಸಲ್ಲದು. ವಿತ್‌ಡ್ರಾಯಲ್ (ಔಷಧ ನಿಂತಾಗಿನ ತೊಂದರೆ) ಲಕ್ಷಣಗಳು ಚೆನ್ನಾಗಿ ಕಾಣಿಸಿಕೊಂಡು, ಅವುಗಳ ತೀವ್ರತೆ ಅಳೆಯುವ ಕೌಸ್ ಸ್ಕೋರ್ 8ರಿಂದ 12 ಮುಟ್ಟಿದ ಮೇಲೆ 2ರಿಂದ 4 ಮಿ.ಗ್ರಾಂ ನಾಲಿಗೆಯಡಿ. ಮೊದಲೇ ಕೊಟ್ಟರೆ ವಿತ್‌ಡ್ರಾಯಲ್ ಒಮ್ಮೆಲೇ ಕೆರಳುತ್ತದೆ, ರೋಗಿ ಎದ್ದು ಹೊರಟುಬಿಡುತ್ತಾರೆ. ಓಟಿಗೆ ಮರಳಬೇಕಾದವರಿಗೆ ಮುಂದೆ, ಫೆಂಟನಿಲ್‌ನಂಥವುಗಳ ಪರಿಣಾಮ ತಡೆಯುವ ನಾಲ್ಟ್ರೆಕ್ಸೋನ್ ಸೂಕ್ತ. ಅದಕ್ಕೆ ಮುನ್ನ 7ರಿಂದ 10 ದಿನ, ಬ್ಯುಪ್ರೆನಾರ್ಫಿನ್ ಕೊಟ್ಟಿದ್ದರೆ 2 ವಾರದವರೆಗೂ, ದೇಹದಲ್ಲಿ ಒಪಿಯಾಯ್ಡ್ (ಅಫೀಮು ಬಗೆಯ ಔಷಧ) ಇರಬಾರದು. ದಿನಕ್ಕೆ 50 ಮಿ.ಗ್ರಾಂ, ಇಲ್ಲವೇ ಸೋಮವಾರ ಬುಧವಾರ 100, ಶುಕ್ರವಾರ 150. ಇನ್ನೊಬ್ಬರ ಕಣ್ಣೆದುರೇ ನುಂಗಬೇಕು. ಲಿವರ್ ಪರೀಕ್ಷೆ ಜೊತೆಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಕೂಡ ಮಾಡಿಸಿ. ಅವರು ಚುಚ್ಚಿಕೊಂಡ ಸಿರಿಂಜ್ ರೋಗಿಗಳಿಗೂ ಬಳಕೆಯಾದ ಸಂಶಯವಿದ್ದರೆ ರೋಗಿಗಳನ್ನೂ ಪರೀಕ್ಷಿಸಬೇಕಾಗುತ್ತದೆ, ಇದನ್ನು ಮುಚ್ಚಿಡುವಂತಿಲ್ಲ.

ಜೊತೆಗೆ ಕುಡಿತವೂ ಇದ್ದರೆ ಕೊನೆಯ ಪೆಗ್‌ನಿಂದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಫಿಟ್ಸ್ ತಡೆಯುವ ಲೋರಾಝೆಪಾಮ್ ಸಿದ್ಧವಿರಲಿ, ಗ್ಲೂಕೋಸ್ ಡ್ರಿಪ್‌ಗೆ ಮೊದಲು ಥಯಾಮಿನ್ (ವಿಟಮಿನ್ ಬಿ1) ಹೋಗಲಿ.

ಚಿಕಿತ್ಸೆ ಕೆಡುವುದು ಹೆಚ್ಚಾಗಿ ಸಂಕೋಚದಿಂದ. "ನಿಮಗೇ ಗೊತ್ತಲ್ಲ ಡಾಕ್ಟ್ರೇ" ಎಂದು ಹಿಸ್ಟರಿ ಅರ್ಧಕ್ಕೆ ಬಿಡುವುದು, ಡೋಸ್ ಅವರೇ ಹೇಳಿದಂತೆ ಬರೆಯುವುದು ನಡೆಯುತ್ತದೆ. ದಯವಿಟ್ಟು ಅವರಿಗೆ ರೋಗಿಯಾಗಿರಲು ಅವಕಾಶ ಕೊಡಿ.

ವಕೀಲೆ_ಆರೋಗ್ಯ
ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯುವ ವ್ಯಸನಿಗೆ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 64ಎ ಕಲಂ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ, ಆದರೆ ಸೇವನೆ ಮತ್ತು ಅಲ್ಪ ಪ್ರಮಾಣದ ಆರೋಪಗಳಿಗೆ ಮಾತ್ರ. ಚಿಕಿತ್ಸೆ ಪೂರ್ತಿಗೊಳಿಸದಿದ್ದರೆ ಆ ರಕ್ಷಣೆ ಹೋಗಬಹುದು. ಸುಳ್ಳು ಚಾರ್ಟ್ ಬರೆದದ್ದು, ಆಂಪ್ಯೂಲ್ ಕದ್ದದ್ದು ಇದರಡಿ ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತು ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗಿವೆ. 86ನೇ ಕಲಂನಡಿ ತಾವೇ ಒಪ್ಪಿ ದಾಖಲಾಗಬಹುದು. 23ನೇ ಕಲಂ ಗೋಪ್ಯತೆಯ ಹಕ್ಕು ಕೊಡುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಸರು ಹಾಕುವವರು ಇದನ್ನು ಗಮನಿಸಲಿ.

ಲ್ಯಾಬ್_ಮೈಸೂರು
ಮೂತ್ರ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಓಪಿಯೇಟ್ ಸ್ಟ್ರಿಪ್ ಮಾರ್ಫಿನ್ ಹಿಡಿಯುತ್ತದೆ, ಫೆಂಟನಿಲ್ ಹಿಡಿಯುವುದಿಲ್ಲ. ನೆಗೆಟಿವ್ ನೋಡಿ ಸಮಾಧಾನಪಡಬೇಡಿ, ಫೆಂಟನಿಲ್‌ಗೆ ಪ್ರತ್ಯೇಕ ಪರೀಕ್ಷೆ ಬೇಕು. ಇತ್ತ ಗಸಗಸೆ ಪಾಯಸ ಕುಡಿದವರಿಗೂ ಮಾರ್ಫಿನ್ ಪಾಸಿಟಿವ್ ಬರಬಹುದು. ಹಬ್ಬದ ಮರುದಿನದ ವರದಿ ಹಿಡಿದು ಯಾರ ಕೆಲಸವನ್ನೂ ಕಳೆಯಬೇಡಿ. ಕುಡಿತ ಪತ್ತೆಗೆ ಮೂತ್ರದ ಇಟಿಜಿ ಪರೀಕ್ಷೆ ಸೂಕ್ಷ್ಮವಾದದ್ದು, ಆದರೆ ದಿನವಿಡೀ ಸ್ಯಾನಿಟೈಸರ್ ಉಜ್ಜುವ ವೈದ್ಯರಲ್ಲಿ ಮಿಲಿಲೀಟರ್‌ಗೆ 100 ನ್ಯಾನೋಗ್ರಾಂ ಮಿತಿ ಇಟ್ಟರೆ ಸುಳ್ಳು ಪಾಸಿಟಿವ್ ಬರಬಹುದು. 500 ಇಡಿ, ಸಂಶಯವಿದ್ದರೆ ರಕ್ತದ ಪೆತ್ ಪರೀಕ್ಷೆ ಮಾಡಿಸಿ. ಅದು 2ರಿಂದ 4 ವಾರದ ಕುಡಿತ ತೋರಿಸುತ್ತದೆ. ಮೂತ್ರದ ಕ್ರಿಯಾಟಿನಿನ್ ಡೆಸಿಲೀಟರ್‌ಗೆ 20 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ನೀರು ಬೆರೆತಿರಬಹುದು, ಅಥವಾ ಬೇಕೆಂದೇ ತುಂಬಾ ನೀರು ಕುಡಿದಿರಬಹುದು. ಮತ್ತೆ ತೆಗೆದುಕೊಳ್ಳಿ.

ಓಟಿ_ಉಸ್ತುವಾರಿ
ಎಲ್ಲರಿಗೂ ಧನ್ಯವಾದ. ಮರಳುವ ಪ್ರಶ್ನೆ ಉಳಿಯಿತು.

ಮನೋವೈದ್ಯ_ಧಾರವಾಡ
ಒಂದು ತಿಂಗಳು ಸಾಲದು. ಅಮೆರಿಕದ 16 ರಾಜ್ಯಗಳ ವೈದ್ಯರ ಆರೋಗ್ಯ ಕಾರ್ಯಕ್ರಮಗಳಲ್ಲಿದ್ದ 904 ವೈದ್ಯರ ಅಧ್ಯಯನದಲ್ಲಿ ಶೇ. 78 ಜನರಿಗೆ 5 ವರ್ಷದಲ್ಲಿ ಒಂದು ಪರೀಕ್ಷೆಯೂ ಪಾಸಿಟಿವ್ ಬರಲಿಲ್ಲ. ಮುನ್ಸೂಚನೆಯಿಲ್ಲದ ಪರೀಕ್ಷೆ, ಸಿಕ್ಕಿದರೆ ಏನಾಗುತ್ತದೆ ಎಂಬ ಲಿಖಿತ ಒಪ್ಪಂದ, ವರ್ಷಗಟ್ಟಲೆ ಬೆಂಬಲ, ಇವೆಲ್ಲ ಆ ಕಾರ್ಯಕ್ರಮಗಳ ತಿರುಳು. ನಮ್ಮಲ್ಲಿ ಅಂಥ ವ್ಯವಸ್ಥೆಯಿಲ್ಲ, ಆಸ್ಪತ್ರೆಯೇ ಕಟ್ಟಿಕೊಳ್ಳಬೇಕು.

ನನ್ನ ಅಭಿಪ್ರಾಯದಲ್ಲಿ ಒಂದು ವರ್ಷ ಫೆಂಟನಿಲ್ ಅವರ ಕೈಗೆ ಬರಬಾರದು. ಪ್ರೀ-ಅನಸ್ತೇಸಿಯಾ ಕ್ಲಿನಿಕ್ (ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ತಪಾಸಣೆ), ಬೋಧನೆ, ಹಗಲು ಡ್ಯೂಟಿ ಕೊಡಿ, ಸಂಬಳ ನಿಲ್ಲಿಸಬೇಡಿ. ಆಮೇಲೂ ನಾರ್ಕೋಟಿಕ್ ಬೀಗದ ಕೈ ಬೇರೆಯವರಲ್ಲಿರಲಿ, ಉಳಿದ ಔಷಧ ಸಿಂಕ್‌ಗೆ ಸುರಿಯದೆ ಸಿರಿಂಜ್ ಸಮೇತ ಹಿಂದಿರುಗಲಿ, ಎರಡು ಸಹಿ ಬೀಳಲಿ, ಆಗಾಗ ಆ ಸಿರಿಂಜ್‌ಗಳಲ್ಲಿ ಇರುವುದು ಔಷಧವೋ ಸಲೈನೋ ಎಂದು ಪರೀಕ್ಷಿಸಿ. ಕೆಲವರು ಬೇರೆ ವಿಭಾಗ ಆರಿಸುವುದೇ ಕ್ಷೇಮ, ಮುಖ್ಯವಾಗಿ ಪಿಜಿ ವಿದ್ಯಾರ್ಥಿಗಳು.

ಇನ್ನೊಂದು ಮಾತು ಅವರಿಗೂ ಮನೆಯವರಿಗೂ ಬಾಯಿಬಿಟ್ಟು ಹೇಳಿ: ಕೆಲವು ವಾರ ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಡೋಸ್ ಒಮ್ಮೆ ಹೋದರೂ ಉಸಿರು ನಿಲ್ಲಬಹುದು. ಮನೆಯಲ್ಲಿ ಆ ಪರಿಣಾಮ ಇಳಿಸುವ ನಲಾಕ್ಸೋನ್ ಇರಲಿ, ಕೊಡುವುದನ್ನು ಒಬ್ಬರಾದರೂ ಕಲಿತಿರಲಿ.