ಸಹಾಯ ಬೇಕು: ತುಂಗೆಯಲ್ಲಿ ಬೇಸಿಗೆಯಲ್ಲೂ ಬತ್ತಿಹೋಗದ ಮಡುಗಳು ಎಲ್ಲೆಲ್ಲಿವೆ?

ತುಂಗಾ ನದಿಯ ಮೀನುಗಳ ನೆಲೆಗಳನ್ನು ನಕ್ಷೆಗೆ ಇಳಿಸುತ್ತಿದ್ದೇನೆ. ಶೃಂಗೇರಿ ಮಠದ ಮೆಟ್ಟಿಲ ಬಳಿ, ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ದೇವರ ಮೀನೆಂದು ಯಾರೂ ಮುಟ್ಟುವುದಿಲ್ಲ. ನನ್ನ ಚಿಂತೆಯೆಲ್ಲ ಇವೆರಡರ ನಡುವಿನ ನದಿಯದು. ಬೇಸಿಗೆಯಲ್ಲಿ ಹರಿವು ಸಣ್ಣದಾದಾಗ ದೊಡ್ಡ ಮೀನುಗಳು ಆಳವಾದ ಮಡುಗಳನ್ನೇ ನಂಬಿಕೊಂಡಿರುತ್ತವೆ. ಅಂಥ ಮಡುವಿನಲ್ಲಿ ಮೀನು ಹಿಡಿಯಲು ಒಂದು ತೋಟೆ (ಸಿಡಿಮದ್ದು) ಸಿಡಿಸಿದರೂ ಮರಿಯಿಂದ ತಾಯಿಯವರೆಗೆ ಎಲ್ಲವೂ ನಾಶ.

ನದಿದಂಡೆಯ ಊರಿನವರೇ, ಏಪ್ರಿಲ್‌–ಮೇನಲ್ಲೂ ನೀರು ನಿಲ್ಲುವ ಮಡು ಎಲ್ಲಿದೆ, ಅದಕ್ಕೆ ಊರಿನಲ್ಲಿ ಏನು ಹೆಸರು, ಅಲ್ಲಿ ಯಾವ ಮೀನು ಕಂಡಿದ್ದೀರಿ, ಪಕ್ಕದಲ್ಲಿ ಮರಳು ತೆಗೆಯುತ್ತಾರೆಯೇ ಎಂದು ದಯವಿಟ್ಟು ತಿಳಿಸಿ. ಬಲೆ ಬೀಸಿ ಅನುಭವವಿರುವ ಹಿರಿಯರನ್ನು ಕೇಳಿದರೆ ಇನ್ನೂ ಒಳ್ಳೆಯದು. ಮಡು ಇರುವ ಜಾಗವನ್ನು ಮಾತ್ರ ಗುಂಪಿನಲ್ಲಿ ಹಾಕದೆ ನನಗೆ ಖಾಸಗಿಯಾಗಿ ಕಳುಹಿಸಿ. ತೋಟೆ ಹಾಕುವವರ ಕಣ್ಣಿಗೆ ಬೀಳಬಾರದು.